ಟೊಳ್ಳು ಕಂಡರಾಗದ ನಮ್ಮ ಮಾಮಾ

ನಮ್ಮ ಮಾಮಾನ ಮನೆಗೆ ಹೋಗುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಕೈಯಲ್ಲಿ ಕೋಲು ಹಿಡಿದುಕೊಂಡು ಮಾತ್ರ ಹೋಗಬೇಡಿ! ಊರುಗೋಲಿರಲಿ, ಮರದ ಕೋಲಿನ ಕೊಡೆಯಿರಲಿ, ಮಕ್ಕಳ ಕ್ರಿಕೆಟ್ ಸ್ಟಂಪೇ ಇರಲಿ. ಕೋಲೇನೋ ನಿಮ್ಮ ಜೊತೆ ವಾಪಸ್ಸು ಬರುತ್ತದೆ, ಅವರು ಕಳ್ಳರಲ್ಲ. ಆದರೆ ಅದರ ಒಳಗಿದ್ದದ್ದು ಬರುವುದಿಲ್ಲ. ನೀವು ಚಹಾ ಕುಡಿದು, ಮಾಮಿಯ ಜೊತೆ ಊರ ಸುದ್ದಿಯನ್ನೆಲ್ಲ ಮಾತಾಡಿ ಏಳುವಷ್ಟರಲ್ಲಿ ನಿಮ್ಮ ಕೋಲಿನ ನಡುವೆ ಈ ತುದಿಯಿಂದ ಆ ತುದಿಗೆ ತೂತು ಬಿದ್ದು, ಆ ತೂತಿನಲ್ಲಿ ಬೇರೆ ಜಾತಿಯ ಕಟ್ಟಿಗೆ ಬಂದು ಕೂತಿರುತ್ತದೆ. "ತಗೋರಿ, ಇನ್ನ ಜನ್ಮದಾಗ ಬಾಗಂಗಿಲ್ಲ!" ಎಂದು ಮಾಮಾ ಅದನ್ನು ನಿಮ್ಮ ಕೈಗಿಡುತ್ತಾರೆ. ಬಾಗುತ್ತದೆ ಎಂದು ನೀವು ಯಾವತ್ತು ದೂರಿದ್ದಿರಿ?

ಉತ್ಪ್ರೇಕ್ಷೆ ಅನ್ನಿಸಿದರೆ ನನ್ನ ಅಪ್ಪನನ್ನು ಕೇಳಿ. ಅಪ್ಪನ ಕೊಡೆಗೆ ಹೀಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅದರ ಕೋಲು ಕಬ್ಬಿಣದ ಹಾಗೆ ನೆಟ್ಟಗೆ ನಿಂತಿತು, ನಿಜ. ಆದರೆ ಕೊಡೆ ಬಿಚ್ಚುವುದನ್ನೇ ಬಿಟ್ಟಿತು. "ಕ್ವಾಲ ನೋಡ್ರಿ ಭಾವನವರ, ಹ್ಯಾಂಗ ನಿಂತದ!" ಎಂದು ಮಾಮಾ ಹೆಮ್ಮೆಪಟ್ಟರು. ಅಂದಿನಿಂದ ಅಪ್ಪ ಮಳೆಗಾಲದಲ್ಲಿ ಮಾಮಾನ ಮನೆಗೆ ನೆನೆದುಕೊಂಡೇ ಹೋಗುತ್ತಾರೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ವಿಜಾಪುರದ ಕಡೆಯಿಂದ ಪುಣೆಗೆ ಬಂದು, ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರಾದವರು. ಧನಕವಡಿಯಲ್ಲಿ ಎರಡನೇ ಮಹಡಿಯಲ್ಲಿ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಸಿಟ್ಟು ಬಂದರೆ ಹಿಂದಿ. ತೊಂಬತ್ತರ ದಶಕದ ನಡುವಿನವರೆಗೆ ಅವರೂ ನಮ್ಮ ನಿಮ್ಮ ಹಾಗೆಯೇ ಇದ್ದರು. ಸಂಜೆ ಬಂದು ಕೈಕಾಲು ತೊಳೆದು, ಟಿವಿ ನೋಡಿ, ಸರ್ಕಾರವನ್ನು ಬೈದು ಮಲಗುತ್ತಿದ್ದರು. ಎಂಥ ಸುಖದ ದಿನಗಳವು ಎಂದು ಮಾಮಿ ಈಗಲೂ ನೆನೆಯುತ್ತಾರೆ.

ಒಂದು ಭಾನುವಾರ ಜುನಾ ಬಜಾರಿಗೆ ಹಳೆಯ ಫ್ಯಾನು ತರಲು ಹೋದವರು ಫ್ಯಾನು ಬಿಟ್ಟು ಒಂದು ಮುರುಕು ಕೋಲು ಹಿಡಿದುಕೊಂಡು ಬಂದರು.

"ಇದು ತಿರಗತದೇನ್ರಿ?" ಮಾಮಿ ಕೇಳಿದರು.

"ಇದು ಕ್ಯೂ. ಸ್ನೂಕರ್, ಪೂಲ್ ಅಂತ ಆಡ್ತಾರಲ್ಲ, ಮೇಜಿನ ಮ್ಯಾಲ ಚಂಡು ಹೊಡೆಯೋದು, ಅದರ ಕ್ವಾಲ. ನಿನ್ನ ಮಲ್ಲಿಗಿ ಬಳ್ಳಿಗೆ ಆಸರಾ ಆಗ್ತದ."

ಯಾವುದೋ ಕ್ಲಬ್ಬಿನಲ್ಲಿ ಯಾರೋ ಸೋತ ಸಿಟ್ಟಿಗೆ ಮುಂದಿನ ಸಪೂರ ತುದಿಯನ್ನು ಮುರಿದಿದ್ದಿರಬೇಕು. ಹಿಂದಿನ ದಪ್ಪ ಭಾಗ ಮಾತ್ರ ಕಪ್ಪಗೆ, ನುಣ್ಣಗೆ ಹಾಗೆಯೇ ಇತ್ತು. ಬಳ್ಳಿಯ ಕುಂಡಕ್ಕೆ ಸರಿಹೋಗುವಂತೆ ಮಾಮಾ ಅದನ್ನು ಗರಗಸದಿಂದ ಕೊಯ್ದರು. ಕೊಯ್ದ ಮುಖ ನೋಡಿದರೆ ಹೊರಗೆ ಕಪ್ಪು ಬಳೆ, ಒಳಗೆ ಬೆಳ್ಳನೆಯ ವೃತ್ತ!

"ಏ, ಕೇಳಿದೇನ! ಓಡಿ ಬಾ! ಒಳಗ ಬ್ಯಾರೇ ಕಟ್ಟಿಗಿ ಅದ!"

"ಇದ್ರ ಇರ್ಲಿ ಬಿಡ್ರಿ, ಅದಕ್ಯಾಕ ಹಿಂಗ ಒದರ್ತೀರಿ? ಮಗ್ಗಲ ಮನಿಯವರು ಕಳ್ಳರು ಬಂದಾರಂತ ತಿಳದಾರು!"

ಮಾಮಿ ಒಲೆಯ ಮುಂದಿನಿಂದ ಏಳಲಿಲ್ಲ. ಆದರೆ ಮಾಮಾ ಅಲ್ಲಿಯೇ ಬಾಲ್ಕನಿಯ ನೆಲದ ಮೇಲೆ ಕೂತುಬಿಟ್ಟರು. ಬೋಧಿವೃಕ್ಷ ಬೇಡ, ಮಲ್ಲಿಗೆ ಬಳ್ಳಿಯ ಕೆಳಗೂ ಜ್ಞಾನೋದಯವಾಗುತ್ತದೆ! ಮಿಕ್ಕ ತುಂಡಿನ ಒಳಗಿನ ಬಿಳಿ ಕಟ್ಟಿಗೆಯನ್ನು ಒಂದು ಗೇಣಿನಷ್ಟು ಬಿಡಿಸಿ ತೆಗೆದು, ಮಾಮಾ ಅದನ್ನು ದೇವರ ಗೂಡಿನಲ್ಲಿಟ್ಟರು. ಯಾವ ಕ್ಷೇತ್ರದಿಂದ ಬಂದದ್ದೋ ಎಂದುಕೊಂಡು ಮಾಮಿ ಅದಕ್ಕೆ ಬಹಳ ಕಾಲ ಕುಂಕುಮ ಹಚ್ಚಿದರು.

ವಿಷಯ ಏನೆಂದರೆ, ನೋಡಲು ಚೆಂದವಿರುವ ಕಟ್ಟಿಗೆಗೆ ಬುದ್ಧಿ ಕಡಿಮೆಯಂತೆ. ಕರಿಮರ, ಬೀಟೆ, ಗಂಟುಗಂಟಿನ ಚಿತ್ತಾರದ ಕಟ್ಟಿಗೆ, ಇವೆಲ್ಲ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಎಲ್ಲಿಯೋ ಸೊಟ್ಟಗಾಗುತ್ತವೆ. ಹಾಗಂತ ನೇರ ಎಳೆಯ ಸಭ್ಯ ಕಟ್ಟಿಗೆಯಲ್ಲೇ ಕ್ಯೂ ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಚೆಂದದ ಕಟ್ಟಿಗೆಯನ್ನು ನಡುವೆ ಉದ್ದಕ್ಕೂ ಕೊರೆದು, ಸಭ್ಯ ಕಟ್ಟಿಗೆಯ ಸರಳನ್ನು ಒಳಗೆ ತೂರಿಸಿ ಅಂಟು ಹಾಕಿ ಕೂರಿಸುತ್ತಾರೆ. ಹೊರಗಿನದು ತೋರಿಕೆಗೆ, ಒಳಗಿನದು ಬಾಳಿಕೆಗೆ. "ನಾವೂ ಅದ ಜಾತಿ ನೋಡ, ಹೊರಗ ಮರಾಠಿ, ಒಳಗ ಕನ್ನಡ. ಅದಕ್ಕ ಇಷ್ಟ ಮಳಿಗಾಲ ಆದ್ರೂ ಪುಣ್ಯಾದಾಗ ನೆಟ್ಟಗ ಅದೀವಿ!" ಎಂದು ಮಾಮಾ ನನಗೆ ಪಾಠ ಹೇಳಿದರು. ಇಷ್ಟೆಲ್ಲ ವೇದಾಂತ ಹೇಳುವವರು ಸ್ನೂಕರ್ ಎಷ್ಟು ಆಡಿದ್ದಾರೆ ಅಂತೀರಾ? ಆಡಿಯೇ ಇಲ್ಲ! "ಗಡಗಿ ಮಾಡೋ ಕುಂಬಾರ ಅದರಾಗ ಅಡಗಿ ಮಾಡ್ತಾನೇನು?" ಎಂದು ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ಹಳೆಯ ಸಾಮಾನಿನವರ ಹತ್ತಿರ ಕೊಂಡ ಲೇಥ್ ಬಾಲ್ಕನಿಗೆ ಬಂತು. ಮಲ್ಲಿಗೆ ಬಳ್ಳಿ ಹೋಯಿತು. ಬಟ್ಟೆ ಒಣಹಾಕುವ ತಂತಿ ಹೋಯಿತು. ಮಾಮಿ ಒದ್ದೆ ಸೀರೆಗಳನ್ನು ಟಿವಿಯ ಮೇಲೆ ಹರವಿದ್ದರಿಂದ ಮಾಮಾ ಸರ್ಕಾರವನ್ನು ಬೈಯುವುದೂ ನಿಂತಿತು.

ಕೊರೆಯುವುದು ಸುಲಭ ಅಂದುಕೊಂಡಿದ್ದೀರಾ? ಲೇಥಿನ ಮೇಲೆ ಕಟ್ಟಿಗೆ ಗರಗರ ತಿರುಗುತ್ತಿರುತ್ತದೆ, ಉದ್ದನೆಯ ಬೈರಿಗೆ ಅಲುಗಾಡದೆ ಅದರ ನಡುವೆ ನುಗ್ಗಬೇಕು. ಆದರೆ ಬೈರಿಗೆಗೂ ಚಪಲ. ಎಲ್ಲಿ ಮೆತ್ತಗಿದೆಯೋ ಅತ್ತ ವಾಲುತ್ತದೆ. ಮಾಮಾನ ಮೊದಮೊದಲ ಕೋಲುಗಳಲ್ಲಿ ಅದು ತಲೆಯಿಂದ ಒಳಹೊಕ್ಕು ಹೊಟ್ಟೆಯಿಂದ ಹೊರಬರುತ್ತಿತ್ತು. ಸರಿ, ಎರಡೂ ತುದಿಯಿಂದ ಅರ್ಧರ್ಧ ಕೊರೆದು ನಡುವೆ ಕೂಡಿಸೋಣ ಎಂದರು. ಎರಡು ತೂತುಗಳೂ ಸ್ವಾರಗೇಟ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರನ್ನೊಬ್ಬರು ಹುಡುಕುವ ನೆಂಟರ ಹಾಗೆ ಪಕ್ಕಪಕ್ಕದಲ್ಲೇ ಹಾದುಹೋದವು, ಭೇಟಿ ಮಾತ್ರ ಆಗಲಿಲ್ಲ.

ಒಳಗಿನ ಹೊಟ್ಟನ್ನು ಗಾಳಿ ಊದಿ ಹೊರಗೆ ತಳ್ಳಬೇಕು, ಇಲ್ಲದಿದ್ದರೆ ಬೈರಿಗೆ ಬಿಸಿಯಾಗಿ ಕಟ್ಟಿಗೆ ಸೀಳುತ್ತದೆ. ಮಾಮಾ ಮೊದಲು ಸೈಕಲ್ ಪಂಪು ಹಚ್ಚಿದರು. ಆಮೇಲೆ ಪಂಕ್ಚರ್ ಅಂಗಡಿಯವನ ಹಳೆಯ ಕಂಪ್ರೆಸರ್ ತಂದರು. ಆ ದಿನ ಗಾಳಿಗೆ ಹಾರಿದ ಹೊಟ್ಟು ನೇರವಾಗಿ ಪಕ್ಕದ ಬಾಲ್ಕನಿಯಲ್ಲಿ ಒಣಗುತ್ತಿದ್ದ ಹಪ್ಪಳದ ಮೇಲೆ ಕೂತಿತು.

"ಅಹೋ, ಮಾಝ್ಯಾ ಪಾಪಡಾವರ್ ಹೇ ಕಾಯ್ ಪಡ್ಲಂ?" ಹಪ್ಪಳದ ಮೇಲೆ ಇದೇನು ಬಿತ್ತು ಎಂದು ಪಕ್ಕದ ಮನೆಯ ಮರಾಠಿ ಕಾಕೂ ಕೂಗಿದರು.

"ಶೀಸಮ್ ಆಹೆ ಕಾಕೂ! ಶುದ್ಧ ಶೀಸಮ್! ಪೋಟಾಲಾ ಚಾಂಗ್ಲಂ!"

ಶೀಸಮ್ ಅಂದರೆ ಬೀಟೆ; ಅದರ ಹೊಟ್ಟು ಹೊಟ್ಟೆಗೆ ಒಳ್ಳೆಯದು ಎಂದುಬಿಟ್ಟರಲ್ಲ! ಕಾಕೂ ನಂಬಿದರೋ ಬಿಟ್ಟರೋ ಗೊತ್ತಿಲ್ಲ. ಆ ವರ್ಷ ಅವರು ಕೊಟ್ಟ ಹಪ್ಪಳವನ್ನು ಮಾತ್ರ ನಮ್ಮಲ್ಲಿ ಯಾರೂ ಕರಿಯಲಿಲ್ಲ.

ಇನ್ನು ಕಟ್ಟಿಗೆಯ ವಿಶ್ರಾಂತಿಯ ವಿಷಯ. ಒಮ್ಮೆ ಕೊರೆದ ಮೇಲೆ, ಒಮ್ಮೆ ಹೊರಮೈ ಹೆರೆದ ಮೇಲೆ, ಕಟ್ಟಿಗೆಗೆ ವಾರಗಟ್ಟಲೆ ಸುಮ್ಮನೆ ತೂಗುಬಿದ್ದು ಸುಧಾರಿಸಿಕೊಳ್ಳುವ ಹಕ್ಕಿದೆಯಂತೆ. ಮಲಗುವ ಕೋಣೆಯ ಸೂರಿನಿಂದ ದಾರ ಕಟ್ಟಿ ಕೋಲುಗಳನ್ನು ನೇತುಹಾಕಿದರು. ಆ ಕೋಣೆಗೆ ಹೋದವರೆಲ್ಲ ತಲೆ ತಗ್ಗಿಸಿಯೇ ಹೋಗಬೇಕು. ಅಷ್ಟು ವಿನಯ ನಮ್ಮ ಮನೆತನದಲ್ಲಿ ಹಿಂದೆಂದೂ ಕಂಡಿರಲಿಲ್ಲ. "ಸಪ್ಪಳಾ ಮಾಡಬ್ಯಾಡ್ರಿ, ಕಟ್ಟಿಗಿ ದಣದದ" ಎಂದು ಮಾಮಾ ಗದರುತ್ತಿದ್ದರು. ನೀರಿನ ಬಕೆಟ್ ಎತ್ತುತ್ತ ಮಾಮಿ ಹೇಳುತ್ತಿದ್ದರು: "ಹೌದವಾ, ಈ ಮನ್ಯಾಗ ಕಟ್ಟಿಗಿಗೆ ರಜಾ ಅದ, ನನಗಿಲ್ಲ. ಮುಂದಿನ ಜನ್ಮಕ್ಕ ಶೀಸಮ್ ಆಗಿ ಹುಟ್ಟತೇನಿ."

ಅಂಟು ಹಾಕುವುದರಲ್ಲೂ ಒಂದು ಗುಟ್ಟಿದೆ. ಬಿಗಿಯಾದ ತೂತಿಗೆ ಸರಳನ್ನು ತೂರಿಸಿದರೆ ಒಳಗೆ ಸಿಕ್ಕಿಬಿದ್ದ ಗಾಳಿ ಎಲ್ಲಿಗೆ ಹೋಗಬೇಕು? ಅದಕ್ಕಾಗಿ ಸರಳಿನ ಮೈಮೇಲೆ ಉದ್ದಕ್ಕೂ ಸಣ್ಣ ಗೀರು ಕೊರೆದು ದಾರಿ ಬಿಡಬೇಕು. ಮಾಮಾನಿಗೆ ಇದು ತಿಳಿದದ್ದು ಸತ್ಯನಾರಾಯಣ ಪೂಜೆಯ ದಿನ. ಬೆಳಿಗ್ಗೆ ಸರಳು ತೂರಿಸಿ, ಕೆಳತುದಿಗೆ ಬಿರಡೆ ಬಡಿದು, ಕೋಲನ್ನು ಪುರೋಹಿತರ ಹಿಂದಿನ ಮೂಲೆಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದರು. ವ್ಯಾಪಾರಿಯ ಹಡಗು ಮುಳುಗುವ ಅಧ್ಯಾಯ ಬಂದಾಗ ಎಲ್ಲರೂ ಮೌನ. ಆಗ ಮೂಲೆಯಿಂದ "ಪುಸ್ಸ್..." ಎಂಬ ದೀರ್ಘ ಸದ್ದು ಬಂತು.

ಎಲ್ಲರೂ ಪುರೋಹಿತರನ್ನು ನೋಡಿದರು. ಪುರೋಹಿತರು ಶಂಖವನ್ನು ನೋಡಿದರು. ಪಾಪ, ಏನು ತಾನೇ ಹೇಳಿಯಾರು! ಅವರು ದನಿ ಏರಿಸಿ ಕತೆ ಮುಂದುವರಿಸಿದರು. ಮತ್ತೆ "ಪುಸ್ಸ್". ಮೂರನೆಯ ಸಲ ಸರಳು "ಫಟ್" ಎಂದು ಅರ್ಧ ಹೊರಗೆ ನೆಗೆದು, ಅಂಟು ಅವರ ಶಲ್ಯದ ಮೇಲೆ ಸಿಡಿಯಿತು. ಆಗ ಪುರೋಹಿತರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಬಿಡುಗಡೆ! ನಿರಪರಾಧಿ ಎಂದು ಸಾಬೀತಾಯಿತಲ್ಲ. ಶಲ್ಯ ಮಾತ್ರ ಹೆಗಲಿಗೆ ಅಂಟಿಕೊಂಡು ಅವರ ಮನೆಯವರೆಗೂ ಹೋಯಿತು.

ಇಷ್ಟೆಲ್ಲ ಅನುಭವದಿಂದ ಮಾಮಾ ಒಂದು ಧರ್ಮವನ್ನೇ ಕಟ್ಟಿಕೊಂಡರು. ಅದರ ಸೂತ್ರ ಒಂದೇ: "ಒಳಗಿಂದು ತಗದ್ರ ತಿರಗಿ ತುಂಬಬೇಕು. ಟೊಳ್ಳ ಬಿಟ್ಟಾವ ಪಾಪಿ." ಒಳಗೆ ಎಲ್ಲಿಯಾದರೂ ಕೂದಲೆಳೆಯಷ್ಟು ಖಾಲಿ ಉಳಿದರೆ ಚೆಂಡಿಗೆ ಹೊಡೆದಾಗ ಕ್ಯೂ ಗುಂಯ್‌ಗುಟ್ಟುತ್ತದಂತೆ, ಆಡುವವನ ಕೈಗೆ ಅದು ಗೊತ್ತಾಗುತ್ತದಂತೆ. ಆದ್ದರಿಂದ ಮುಗಿದ ಕ್ಯೂವನ್ನು ಬೆರಳಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಗಟ್ಟಿ ಸದ್ದು ಬಂದರೆ ಮಾತ್ರ ಅವರು ಊಟಕ್ಕೆ ಏಳುತ್ತಿದ್ದರು. ಆಮೇಲೆ ಈ ತಟ್ಟುವ ಚಟ ಕ್ಯೂವಿಗಷ್ಟೇ ನಿಲ್ಲಲಿಲ್ಲ. ಬಾಗಿಲು, ಕಪಾಟು, ಕಲ್ಲಂಗಡಿ, ಬ್ಯಾಂಕಿನ ಕೌಂಟರು, ಎಲ್ಲವನ್ನೂ ತಟ್ಟುವುದೇ! "ಟೊಳ್ಳ" ಎನ್ನುವುದೇ! ಅವರ ಬಾಯಲ್ಲಿ ಅದಕ್ಕಿಂತ ಕೆಟ್ಟ ಬೈಗುಳವಿರಲಿಲ್ಲ. ಮೇಲಧಿಕಾರಿಗೂ ಅದೇ, ಮಂತ್ರಿಗೂ ಅದೇ, ಎಣ್ಣೆ ಹೀರುವ ಹೋಟೆಲಿನ ವಡೆಗೂ ಅದೇ.

ನನ್ನ ಮದುವೆಯೇ ಈ ಚಟದಲ್ಲಿ ತಪ್ಪಿಹೋಗುವುದರಲ್ಲಿತ್ತು. ಹುಡುಗ ಮೈಸೂರಿನ ಕಡೆಯವನು, ಪುಣೆಯ ಹಿಂಜವಾಡಿಯಲ್ಲಿ ಕೆಲಸ. ಮನೆ ನೋಡುವ ಶಾಸ್ತ್ರಕ್ಕೆಂದು ನಾವೆಲ್ಲ ಅವನ ಹೊಸ ಫ್ಲ್ಯಾಟಿಗೆ ಹೋಗಿದ್ದೆವು. ಹುಡುಗನ ತಾಯಿ ಉಪ್ಪಿಟ್ಟು ತಂದಿಟ್ಟರು. ಮಾಮಾ ಉಪ್ಪಿಟ್ಟಿಗೆ ಕೈ ಹಾಕದೆ ಸೋಫಾದ ತೋಳು ತಟ್ಟಿದರು. "ಟೊಳ್ಳ." ಟೀಪಾಯಿ ತಟ್ಟಿದರು. "ಇದೂ ಟೊಳ್ಳ." ಎದ್ದು ಹೋಗಿ ಟಿವಿ ಸ್ಟ್ಯಾಂಡು ತಟ್ಟಿದರು. ಹುಡುಗನ ತಾಯಿಯ ಮುಖ ಬಿಗಿಯುತ್ತಿತ್ತು. ಅವ್ವ ನನ್ನ ಕೈ ಚಿವುಟುತ್ತಿದ್ದಳು, ನಾನೇನು ಮಾಡಲಿ?

ಹುಡುಗ ನಕ್ಕುಬಿಟ್ಟ. "ಅಂಕಲ್, ಅದೆಲ್ಲ ಬಾಡಿಗೆ ಫರ್ನಿಚರ್. ನಮ್ದು ಅಂತ ಇರೋದು ಈ ಸ್ಟೂಲ್ ಒಂದೇ."

ಮಾಮಾ ಸ್ಟೂಲ್ ತಟ್ಟಿದರು. ಕಿವಿಗೊಟ್ಟರು. ಆಮೇಲೆ ಅಪ್ಪನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಭಾವನವರ, ಹುಡುಗ ಗಟ್ಟಿ ಅದಾನ. ತನ್ನದಲ್ಲದ್ದು ತನ್ನದು ಅನ್ನಲಿಲ್ಲ. ಕೊಟ್ಟಬಿಡ್ರಿ."

ಕೊಟ್ಟುಬಿಟ್ಟರು. ಆ ಸ್ಟೂಲ್ ಈಗಲೂ ನಮ್ಮ ಮನೆಯಲ್ಲಿದೆ. ನಡುವೆ ಒಂದು ಸಲ ಮಾಮಾ ಅದರ ಕಾಲುಗಳನ್ನೂ ಕೊರೆದುಕೊಟ್ಟರು ಎನ್ನುವುದನ್ನು ಬೇರೆ ಹೇಳಬೇಕೆ?

ಅಷ್ಟು ಹೊತ್ತಿಗೆ ಪುಣೆಯಲ್ಲಿ ಪೂಲ್ ಪಾರ್ಲರುಗಳು ಅಣಬೆಯ ಹಾಗೆ ಎದ್ದಿದ್ದವು. ಧನಕವಡಿಯ ಕಾಲೇಜು ಹುಡುಗರಿಗೆ ಮಾಮಾನ ಸುದ್ದಿ ಹೇಗೋ ಮುಟ್ಟಿತು. ಬಾಗಿದ ಕ್ಯೂ ಹಿಡಿದು ಒಬ್ಬ ಬಂದ, ಇಬ್ಬರು ಬಂದರು. ಕಟ್ಟಿಗೆಗೆ ವಿಶ್ರಾಂತಿ ಬೇಕಲ್ಲ, ಆ ವಾರಗಳುದ್ದಕ್ಕೂ ಅವರು ಮತ್ತೆ ಮತ್ತೆ ಬಂದು ಕೇಳಬೇಕಿತ್ತು. ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಮಾಮಿಯಿಂದ ಆಗದು. ಬಿಸಿ ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸುತ್ತಿದ್ದರು. ಕೆಲವೇ ದಿನಗಳಲ್ಲಿ, ಜನ್ಮದಲ್ಲಿ ಕ್ಯೂ ಮುಟ್ಟದ ಹುಡುಗರೂ ಎಲ್ಲಿಂದಲೋ ಒಂದು ಬಾಗಿದ ಕೋಲು ಹುಡುಕಿಕೊಂಡು ಊಟದ ಹೊತ್ತಿಗೆ ಸರಿಯಾಗಿ ಬರತೊಡಗಿದರು. ಒಬ್ಬನಂತೂ ಕಸಬರಿಗೆಯ ಕೋಲು ತಂದಿದ್ದ!

"ಚಪಾತಿಗೆ ಬಂದೀಯೋ, ಕ್ವಾಲಿಗೆ ಬಂದೀಯೋ? ಖರೇ ಹೇಳ" ಎಂದು ಮಾಮಿ ಸೌಟು ಹಿಡಿದು ಕೇಳಿದರು. ಅಲ್ಲಿಗೆ ಊಟಕ್ಕೆ ದರ ನಿಗದಿಯಾಗಿ, 'ಪೋಳಿ-ಭಾಜಿ ಕೇಂದ್ರ' ಎಂಬ ಬೋರ್ಡು ಬಾಗಿಲಿಗೆ ಬಂತು. ಪೋಳಿ ಅಂದರೆ ಪುಣೆಯವರ ಬಾಯಲ್ಲಿ ಚಪಾತಿ, ಭಾಜಿ ಅಂದರೆ ಪಲ್ಯ. ಮಾಮಾನ ಕ್ಯೂಗಳು ವರ್ಷಕ್ಕೆ ನಾಲ್ಕೋ ಐದೋ ಹೊರಬೀಳುತ್ತಿದ್ದರೆ, ಮಾಮಿಯ ಚಪಾತಿ ಕಟ್ರಜದ ತನಕ ಹೆಸರಾಯಿತು. ಮದುವೆಯಾಗಿ ಬಂದಾಗಿನಿಂದ 'ಸ್ಟೋರಿನ ಗುಮಾಸ್ತರ ಹೆಂಡತಿ' ಆಗಿದ್ದವರನ್ನು ಈಗ ಇಡೀ ಓಣಿ 'ಪೋಳಿವಾಲ್ಯಾ ಮಾವಶಿ', ಚಪಾತಿಯ ಚಿಕ್ಕಮ್ಮ, ಎಂದು ಕರೆಯುತ್ತಿತ್ತು. ಮಾಮಿ ನಡೆಯುವ ಗತ್ತೇ ಬದಲಾಯಿತು. ಮಾಮಾ ತರಕಾರಿ ಹೆಚ್ಚಿಕೊಡುವ ಹುದ್ದೆಗೆ ನೇಮಕವಾದರು. ಹೆಚ್ಚುವ ಮೊದಲು ಪ್ರತಿ ಸೋರೆಕಾಯಿಯನ್ನೂ ತಟ್ಟುತ್ತಿದ್ದರು ಎನ್ನಿ.

ಈ ಎಲ್ಲ ವೈಭವ ನಿಂತದ್ದು ಒಂದು ಲಟ್ಟಣಿಗೆಯ ಮೇಲೆ. ಮಾಮಿಯ ತಾಯಿಯ ಲಟ್ಟಣಿಗೆ ಅದು, ಕಪ್ಪು ಶೀಸಮ್ಮಿನದು, ಎರಡು ತುದಿ ಮಾತ್ರ ತುಸು ಸಪೂರ. ಕೈಯಲ್ಲಿ ಹಿಡಿದರೆ ದೊಣ್ಣೆ ಹಿಡಿದ ಹಾಗೆ. ತಾಯಿಯ ಕಡೆಯಿಂದ ಮಾಮಿಗೆ ಉಳಿದ ವಸ್ತು ಅದೊಂದೇ. ಮನೆಗೆ ಲೇಥ್ ಬಂದ ದಿನವೇ ಮಾಮಿ ಗಡಿರೇಖೆ ಎಳೆದಿದ್ದರು: "ಮಂಚದ ಕಾಲಿಗೆ ತೂತ ಹಾಕ್ರಿ, ಮಣಿಗೆ ಹಾಕ್ರಿ, ಬೇಕಾದ್ರ ನನ್ನ ತಲಿಗೆ ಹಾಕ್ರಿ. ನಮ್ಮವ್ವನ ಲಟ್ಟಣಿಗಿ ಮುಟ್ಟಿದ್ರ ಮಾತ್ರ ನಾ ಈ ಮನ್ಯಾಗ ಇರಂಗಿಲ್ಲ!" ಮಾಮಾ ಅದರ ಕಡೆ ಆಸೆಗಣ್ಣಿನಿಂದ ನೋಡುತ್ತಿದ್ದರು, ಆದರೆ ಮುಟ್ಟುತ್ತಿರಲಿಲ್ಲ.

ಹೀಗಿರುತ್ತ ಮಾಮಿಯ ಬಲಗೈ ಮಣಿಕಟ್ಟು ಕೈಕೊಟ್ಟಿತು. ಮೊದಲು ನೋವು, ಆಮೇಲೆ ಬಾವು, ಆಮೇಲೆ ತಂಬಿಗೆ ಎತ್ತಿದರೂ ಜಾರಿಬೀಳುವುದು. ಡಾಕ್ಟರು ಪಟ್ಟಿ ಕಟ್ಟಿ, ಭಾರದ್ದೇನೂ ಹಿಡಿಯಬಾರದು, ಹಗುರ ಕೆಲಸವಾದರೆ ಸರಿ ಎಂದರು. ಅಂದರೆ ಶೀಸಮ್ಮಿನ ಲಟ್ಟಣಿಗೆ ಮುಗಿಯಿತು. ಪೇಟೆಯ ಹಗುರ ಲಟ್ಟಣಿಗೆ ತಂದು ನೋಡಿದರು. ಕೈಗೆ ಒಗ್ಗಲಿಲ್ಲ. ಜೀವಮಾನವಿಡೀ ಒಂದೇ ದಪ್ಪ, ಒಂದೇ ನುಣುಪಿಗೆ ಹೊಂದಿದ ಕೈ ಅದು. ಚಪಾತಿ ಒಂದು ಕಡೆ ದಪ್ಪ, ಒಂದು ಕಡೆ ತೆಳು, ಒಟ್ಟಿನಲ್ಲಿ ಯಾವುದೋ ಜಿಲ್ಲೆಯ ನಕಾಶೆ. ಹುಡುಗರು ಏನೂ ಅನ್ನದೆ ತಿಂದರು. ಅವರು ಏನೂ ಅನ್ನಲಿಲ್ಲ ಎನ್ನುವುದೇ ಮಾಮಿಗೆ ತಡೆಯಲಾಗಲಿಲ್ಲ. ಒಂದು ದಿನ ತಾವೇ ಬೋರ್ಡು ಇಳಿಸಿದರು. ತಾಯಿಯ ಲಟ್ಟಣಿಗೆಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು.

ಆಮೇಲೆ ಆ ಮನೆಯಲ್ಲಿ ಆದದ್ದು ನಮಗ್ಯಾರಿಗೂ ಸಹಿಸಲಾಗಲಿಲ್ಲ: ಮಾಮಿ ಬೈಯುವುದನ್ನು ಬಿಟ್ಟರು! ಲೇಥ್ ಸದ್ದು ಮಾಡಿದರೂ ಇಲ್ಲ, ಹೊಟ್ಟು ಅನ್ನದೊಳಗೆ ಬಿದ್ದರೂ ಇಲ್ಲ. ಕಿಟಕಿಯ ಹತ್ತಿರ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಇತ್ತ ಮಾಮಾನಿಗೆ ಪೂರ್ತಿ ತಲೆ ಕೆಟ್ಟಿತೆಂದೇ ನಾವು ತಿಳಿದೆವು. ಯಾಕೆಂದರೆ ಅವರು ತುಳಶೀಬಾಗ್ ಪೇಟೆಗೆ ಹೋಗಿ ಹೋಗಿ ಲಟ್ಟಣಿಗೆ ಕೊಂಡು ತರತೊಡಗಿದ್ದರು! ಚೀಲ ತುಂಬ ಲಟ್ಟಣಿಗೆ. ಚಪಾತಿ ನಿಂತ ಮನೆಗೆ! ತಂದದ್ದನ್ನೆಲ್ಲ ಕೊರೆಯುವುದು, ತಟ್ಟುವುದು, ಮುಖ ಸಿಂಡರಿಸಿ ಮೂಲೆಗೆಸೆಯುವುದು. ಕೆಲವು ಸೀಳಿದ್ದವು, ಕೆಲವುಗಳಲ್ಲಿ ಬೈರಿಗೆ ಪಕ್ಕೆ ಸೀಳಿ ಹೊರಬಂದಿತ್ತು. ಅಂಗಡಿಯವನು "ಸಾಹೇಬ್, ಮನೆಯಲ್ಲಿ ಜಗಳ ಅಷ್ಟು ಜೋರೇ?" ಎಂದು ಕೇಳಿದನಂತೆ. "ಇವಗ ಒಮ್ಮೆ ಡಾಕ್ಟರಿಗೆ ತೋರಸಬೇಕವಾ" ಎಂದು ಅವ್ವ ಫೋನಿನಲ್ಲಿ ನನ್ನ ಹತ್ತಿರ ಅತ್ತಳು.

ಒಂದು ದಿನ ಮಾಮಾನೇ ಫೋನು ಮಾಡಿದರು. "ನಿಮ್ಮ ಮಾಮಿನ್ನ ಇವತ್ತ ಎಲ್ಲೆರೆ ಕರಕೊಂಡ ಹೋಗವಾ. ಸಂಜೀ ತನಕಾ ಬಿಡಬ್ಯಾಡ."

ಕರೆದುಕೊಂಡು ಹೋದೆ. ಆದರೆ ಮಾಮಿಯನ್ನು ಸಂಜೆಯ ತನಕ ಹಿಡಿದಿಡುವುದು ಯಾರಿಂದ ಸಾಧ್ಯ? ಮಧ್ಯಾಹ್ನವಾದದ್ದೇ, "ಅವರು ಏನೂ ತಿಂದಿರಂಗಿಲ್ಲ, ನಡಿ" ಎಂದು ಎದ್ದುಬಿಟ್ಟರು. ಮೆಟ್ಟಿಲು ಹತ್ತುವಾಗಲೇ ಲೇಥಿನ ಸದ್ದು ಕೇಳಿಸಿತು. ಒಳಗೆ ಹೋದರೆ ನೆಲದ ಮೇಲೆ ಹಳೆಯ ಸೀರೆಯ ತುಂಡು ಬಿಚ್ಚಿ ಬಿದ್ದಿತ್ತು. ಲೇಥಿನ ಮೇಲೆ ಮಾಮಿಯ ತಾಯಿಯ ಲಟ್ಟಣಿಗೆ ಗರಗರ ತಿರುಗುತ್ತಿತ್ತು. ಬೈರಿಗೆ ಅದರೊಳಗೆ ಅರ್ಧ ಇಳಿದಿತ್ತು.

ಇವತ್ತು ಈ ಸಂಸಾರ ಮುಗಿಯಿತು ಎಂದುಕೊಂಡೆ.

ಮಾಮಾ ತಿರುಗಿ ನೋಡಲಿಲ್ಲ. "ಈಗ ಮಾತಾಡಸಬ್ಯಾಡ" ಎಂದರು. "ಕೈ ಅಳ್ಳಾಡಿದ್ರ ಪಕ್ಕಾ ಒಡದ ಬರ್ತದ. ನಡುವ ನಿಂದ್ರಿಸಿದ್ರ ಸೀಳತದ. ಮುಗೀತನಕಾ ಬಯ್ಯಬ್ಯಾಡ."

ಮಾಮಿ ಬೈಯಲಿಲ್ಲ. ಗೋಡೆಗೆ ಒರಗಿ, ಪಟ್ಟಿ ಕಟ್ಟಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತರು. ಮಾಮಾ ಬೈರಿಗೆಯನ್ನು ಒಂಚೂರು ಒಳಗೆ ಬಿಡುವುದು, ಹೊರಗೆಳೆದು ಹೊಟ್ಟು ಊದುವುದು, ಮತ್ತೆ ಒಳಗೆ ಬಿಡುವುದು. ಕಪ್ಪು ಹೊಟ್ಟು ನೆಲದ ಮೇಲೆ ಗುಡ್ಡೆಯಾಗುತ್ತಿತ್ತು. ಮಾಮಾನ ಬನಿಯನ್ನು ಬೆವರಿಗೆ ಬೆನ್ನಿಗಂಟಿತ್ತು. ಅವರ ಮುಖದಲ್ಲಿ ಭಯ ಕಂಡದ್ದು ಅದೇ ಮೊದಲು. ಕೊನೆಗೆ ಆ ತುದಿಯ ನಟ್ಟನಡುವೆ ಕಬ್ಬಿಣದ ಮೂತಿ ಇಣುಕಿತು. ನಟ್ಟನಡುವೆ! ಮಾಮಾ ಲೇಥ್ ನಿಲ್ಲಿಸಿ ಅಲ್ಲಿಯೇ ಕುಸಿದು ಕೂತರು.

ಆಮೇಲೆ ಎದ್ದು ದೇವರ ಗೂಡಿನ ಹತ್ತಿರ ಹೋದರು. ಕುಂಕುಮ ಮೆತ್ತಿದ್ದ ಆ ಬಿಳಿ ಕಟ್ಟಿಗೆಯ ತುಂಡನ್ನು ತೆಗೆದರು. ಇದಕ್ಕೇ ಇಷ್ಟು ವರ್ಷ ಕಾದಿಟ್ಟಿದ್ದರೇನೋ, ಈಗ ಒಳಗೆ ತುಂಬುತ್ತಾರೆ ಎಂದುಕೊಂಡೆ. ತುಂಬಲಿಲ್ಲ. ಅದರಿಂದ ಹೆಬ್ಬೆರಳಿನಷ್ಟು ಉದ್ದದ ಎರಡು ಬಿರಡೆ ಕತ್ತರಿಸಿ, ಅಂಟು ಹಚ್ಚಿ, ಎರಡು ತುದಿಗೆ ಕೂರಿಸಿದರು, ಅಷ್ಟೇ.

"ಮಾಮಾ, ನಡುವ ತುಂಬಂಗಿಲ್ಲೇನ್ರಿ?" ನಾನು ಕೇಳಿದೆ.

"ನೀ ಸುಮ್ಮನಿರು."

ಮರುದಿನ ಅಂಟು ಒಣಗಿದ ಮೇಲೆ ಮತ್ತೆ ಹೋದೆ. ಹೋಗದೆ ಇರಲಾಗಲಿಲ್ಲ. ಮಾಮಿ ಹಿಟ್ಟು ನಾದಲು ನನಗೆ ಹೇಳಿ, ತಾವು ಮಣೆಯ ಮುಂದೆ ಕೂತರು. ಲಟ್ಟಣಿಗೆ ಎತ್ತಿದರು. ಕೈಯಿಂದ ಜಾರಲಿಲ್ಲ. ಅದೇ ದಪ್ಪ, ಅದೇ ನುಣುಪು, ತಾಯಿಯ ಕೈ ಸವೆಸಿದ ಅದೇ ತಗ್ಗು, ಆದರೆ ಹೂವಿನಷ್ಟು ಹಗುರ. ಲಟ್ಟಿಸಿದರು. ಚಪಾತಿ ಮೊದಲಿನ ಹಾಗೆಯೇ ಗುಂಡಗೆ ಹರಡಿತು. ಮಾಮಿಯ ಕಣ್ಣಲ್ಲಿ ನೀರು ತುಂಬಿತು, ನನ್ನ ಕಣ್ಣಲ್ಲೂ. ಮಾಮಾ ಬಾಗಿಲ ಬಳಿ ಕಳ್ಳನ ಹಾಗೆ ನಿಂತಿದ್ದರು.

ಮಾಮಿ ಲಟ್ಟಣಿಗೆಯನ್ನು ಕಿವಿಯ ಹತ್ತಿರ ಹಿಡಿದು, ಥೇಟ್ ಮಾಮಾನ ಹಾಗೆಯೇ, ಬೆರಳಗೆಣ್ಣಿನಿಂದ ತಟ್ಟಿದರು.

"ರೀ, ಇದು ಟೊಳ್ಳ ಅದಲ್ರಿ!"

ಮಾಮಾ ತಲೆ ತಗ್ಗಿಸಿದರು. "ಹೂಂ, ಟೊಳ್ಳ ಅದ" ಎಂದರು. "ತುಂಬಿದ್ರ ನಿನ್ನ ಕೈಗೆ ಭಾರ ಆಗ್ತಿತ್ತು." ಮೆಲ್ಲಗೆ ಸೇರಿಸಿದರು: "ಯಾರ ಮುಂದೂ ಹೇಳಬ್ಯಾಡ."

ಮಾಮಿ ಚಪಾತಿಯನ್ನು ಹಂಚಿಗೆ ಹಾಕಿ ತಿರುವಿದರು. ಅದು ಪುಗ್ಗೆಯಂತೆ ಉಬ್ಬಿತು. ಉಬ್ಬಿದ್ದನ್ನು ಹಾಗೆಯೇ ತಟ್ಟೆಗೆ ಜಾರಿಸಿ ಮಾಮಾನ ಮುಂದಿಟ್ಟರು.

"ಇದೂ ಟೊಳ್ಳನ ಅದ. ತಿನ್ರಿ, ಆರತದ."

ಮಾಮಾ ಅದನ್ನು ತಟ್ಟಿ ನೋಡಲಿಲ್ಲ. ತಿಂದರು.